ಚಂಪಕಾದೇವಿಗೆ ಗಂಟೆಯಿಲ್ಲ

ಸತ್ತು ಮಲಗಿದ್ದ ಅಕ್ಕನ ನಡುಬೆರಳಿಗೆ ಮಟಿಲ್ಡಾ ಲಿಂಬೆಹುಳಿ ಹಿಂಡಿ, ಉಪ್ಪು ಹಾಕಿ ಉಜ್ಜುತ್ತಿದ್ದಳು. ಮಸಿ ಹೋಗಲೊಲ್ಲದು. ಲೇಖನಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಜಾಗದಲ್ಲಿ ಅದು ಚರ್ಮದೊಳಕ್ಕೇ ಇಳಿದುಹೋಗಿತ್ತು.

"ಟೀಚರಮ್ಮನ ಕೈಯಲ್ಲಿ ಮಸಿ ಇದ್ರೆ ಎಂತಾಯ್ತು? ಬಿಡಿ ಮಟಿಲ್ಡಾ ಬಾಯಿ, ತೊಗಲು ಎದ್ದೀತು" ಎಂದಳು ನೆಲ್ಲಿ. ನೇಯ್ಗೆ ಕಾರ್ಖಾನೆಯ ನೆಲ್ಲಿ ಜಗಲಿಯಲ್ಲಿ ಕೂತು ಶವಪೆಟ್ಟಿಗೆಯ ಒಳಗೆ ಬಿಳಿ ಬಟ್ಟೆ ಹೊಲಿಯುತ್ತಿದ್ದಳು. ಮಗ್ಗದಿಂದ ನೇರ ಎದ್ದು ಬಂದವಳ ತಲೆಗೂದಲಲ್ಲಿ ಹತ್ತಿಯ ಎಳೆಗಳು ಹಾಗೇ ಇದ್ದವು.

ಮಟಿಲ್ಡಾ ಬಿಡಲಿಲ್ಲ. ಮಕ್ಕಳ ಕಾಪಿಪುಸ್ತಕ ತಿದ್ದುವ ಮಸಿ ಕೆಂಪು. ಇದು ಕಪ್ಪು. ಇವತ್ತು ಈ ಕೈಯನ್ನು ಯಾರಾದರೂ ಎರಡನೇ ಸಲ ನೋಡಿದರೆ ಕೆಲಸ ಕೆಟ್ಟಿತು.

ಅಕ್ಕ ಗೆರ್ಟ್ರೂಡ್ ತೀರಿಕೊಂಡದ್ದು ಬೆಳಗಿನ ಜಾವ. ಸಂಜೆ ನಾಲ್ಕಕ್ಕೆ ಮಣ್ಣು. ಬೋಳಾರದ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಜರ್ಮನ್ ಪಾದ್ರಿ ಅಯ್ಯನವರ ಕಾಲದಿಂದ ಉಳಿದುಬಂದ ಪದ್ಧತಿಯೊಂದಿತ್ತು. ಯಾರೇ ಸತ್ತರೂ ಅವರ ಜೀವಿತವನ್ನು ಬರೆದು, ಹೆಣ ಗುಂಡಿಗಿಳಿಯುವ ಮೊದಲು ಎಲ್ಲರೆದುರು ಓದಬೇಕು. ಹುಟ್ಟಿದ್ದು, ದುಡಿದದ್ದು, ತಪ್ಪಿದ್ದು, ಪಶ್ಚಾತ್ತಾಪಪಟ್ಟದ್ದು, ಎಲ್ಲ. ಇಷ್ಟು ವರ್ಷ ಸಭೆಯಲ್ಲಿ ಸತ್ತವರೆಲ್ಲರ ಜೀವಿತ ಬರೆದವಳು ಗೆರ್ಟ್ರೂಡ್. ಕಲ್ಲಿನಂಥ ಗಂಡಸರೂ ಅವಳ ಬರವಣಿಗೆ ಕೇಳಿ ಟೊಪ್ಪಿಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಈಗ ಅವಳದ್ದನ್ನು ಬರೆಯುವ ಕೆಲಸ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆಗೆ ಕೂತ ತಂಗಿ ಮಟಿಲ್ಡಾಳ ಪಾಲಿಗೆ ಬಂದಿತ್ತು. ಮೇಜಿನ ಮೇಲೆ ಹಾಳೆ ಖಾಲಿಯಿತ್ತು.

ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹಸನಬ್ಬ. ಸೂಜಿ, ನೂಲು, ಅಂಗಿಗೆ ಹೊಲಿಯುವ ಗುಬ್ಬಿ, ಲೇಸು ಹೊತ್ತು ಮನೆಮನೆ ತಿರುಗುವವನು. ಗಂಟಿನ ಅಡಿಯಲ್ಲಿ ಅಗ್ಗದ ಕತೆಪುಸ್ತಕಗಳೂ ಇರುತ್ತಿದ್ದವು. ಗೆರ್ಟ್ರೂಡ್ ಬರೆದ ಹಾಳೆಗಳು ಅದೇ ಗಂಟಿನೊಳಗೆ ಕೂತು ರಥಬೀದಿಯ ಅಚ್ಚುಕೂಟಕ್ಕೆ ಹೋಗಿ, 'ಚಂಪಕಾದೇವಿ' ಎಂಬ ಹೆಸರು ಹೊತ್ತು ಪುಸ್ತಕವಾಗಿ ಮರಳುತ್ತಿದ್ದವು. ಇದು ಗೊತ್ತಿದ್ದದ್ದು ಮೂವರಿಗೆ.

ಅವನು ಒಳಗೆ ಬರಲಿಲ್ಲ. ದನಿ ತಗ್ಗಿಸಿ ಹೇಳಿದ: "ಅಮ್ಮ, ರುಡೊಲ್ಫ್ ಮೇಸ್ತ್ರಿ ನಿನ್ನೆ ನನ್ನನ್ನು ಬಂದರಿನಲ್ಲಿ ಹಿಡಿದ್ರು. ಚಂಪಕಾದೇವಿ ಯಾರು ಅಂತ ಕೇಳಿದ್ರು."

"ನೀವೆಂತ ಹೇಳಿದಿರಿ?"

"ಸೂಜಿ ಯಾರು ಮಾಡಿದ್ದು ಅಂತ ಯಾರೂ ಕೇಳುದಿಲ್ಲ, ಪುಸ್ತಕದ್ದು ಮಾತ್ರ ಎಂತಕ್ಕೆ ಕೇಳ್ತೀರಿ ಮೇಸ್ತ್ರಿ ಅಂದೆ." ಅವನು ನಗಲು ನೋಡಿದ, ನಗು ಬರಲಿಲ್ಲ. "ಆದ್ರೆ ಅವರಿಗೆ ಗೊತ್ತುಂಟು ಅಮ್ಮ. ಕೇಳುವ ಮೊದಲೇ ಗೊತ್ತಿತ್ತು. ಮುಖ ನೋಡಿದ್ರೆ ಹೆದರಿಕೆ ಆಗ್ತಿತ್ತು."

*

ಐದಾರು ವರ್ಷಗಳ ಹಿಂದೆ, ಮೊದಲ ಪುಸ್ತಕ ಅಚ್ಚಾಗಿ ಬಂದ ದಿನ, ಮಟಿಲ್ಡಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದಳು.

"ಅಕ್ಕ, ನಿನ್ನ ಹೆಸರೇ ಇಲ್ವಲ್ಲ! ಅಷ್ಟು ಹೆದರಿಕೆಯಾ ಸಭೆಯದ್ದು?"

"ಸಭೆಯದ್ದೂ ಉಂಟು" ಎಂದಳು ಗೆರ್ಟ್ರೂಡ್. "ಪ್ರೇಮದ ಕತೆ ಓದಿದವರಿಗೇ ಕರ್ತನ ಮೇಜಿನ ರೊಟ್ಟಿ-ದ್ರಾಕ್ಷಾರಸಕ್ಕೆ ಬರ್ಲಿಕ್ಕಿಲ್ಲ, ಬರೆದವಳನ್ನು ಬಿಡ್ತಾರಾ? ಆದ್ರೆ ಅದಲ್ಲ ಮಾರಾಯ್ತಿ. ನನ್ನ ಹೆಸರು ಹಾಕಿದ್ರೆ ಯಾರೂ ಪುಸ್ತಕ ಓದುದಿಲ್ಲ. ನಮ್ಮ ಓಣಿಯನ್ನು ಓದ್ತಾರೆ. ಇದು ಯಾರ ಮನೆ, ಅದು ಯಾರ ಗಂಡ ಅಂತ ಹುಡುಕ್ತಾರೆ. ನನ್ನ ಹತ್ರ ಮನಸ್ಸು ಬಿಚ್ಚಿದವರು ನಾಳೆ ಬೀದಿಗೆ ಬರುದು ಹೇಗೆ?"

"ಹಾಗಾದ್ರೆ ಚಂಪಕಾದೇವಿಗೆ ಯಾವ ಓಣಿ?"

"ಅವಳಿಗೆ ಓಣಿಯೇ ಇಲ್ಲ. ಅದಕ್ಕೇ ಅವಳು ಬೇಕಾದ್ದು."

*

ರುಡೊಲ್ಫ್ ಬಂದಾಗ ಎರಡೂವರೆಯಾಗಿತ್ತು. ಕಾರ್ಖಾನೆಯ ಮೇಸ್ತ್ರಿ, ಸಭೆಯ ಹಿರಿಯ. ಜೀವಿತದ ಹಾಳೆಯನ್ನು ಮನೆಯವರಿಂದ ಪಡೆದು ಅಯ್ಯನವರಿಗೆ ಮುಟ್ಟಿಸುವುದು ಅವನ ಹೊಣೆ. ಅವನು ಗೆರ್ಟ್ರೂಡಳ ಮುಖ ನೋಡಿದ. ಮುಚ್ಚಿದ ಹೊದಿಕೆಯಡಿ ಕೈಗಳಿರುವ ಜಾಗವನ್ನೂ ನೋಡಿದ. ಆಮೇಲೆ ಒಳಕೋಣೆಗೆ ಬಂದು ಕದ ಮುಂದೆ ಮಾಡಿದ.

"ಬರೆದಾಯ್ತಾ?"

"ಇಲ್ಲ ರುಡೊಲ್ಫಣ್ಣ."

"ಒಳ್ಳೆದಾಯ್ತು." ಕೋಟಿನ ಒಳಗಿನಿಂದ ಒಂದು ಪುಸ್ತಕ ತೆಗೆದು ಖಾಲಿ ಹಾಳೆಯ ಮೇಲಿಟ್ಟ. ಅಂಚು ಸವೆದು, ಎಣ್ಣೆಗೈಗಳಲ್ಲಿ ತಿರುಗಿ ತಿರುಗಿ ಉಬ್ಬಿದ ಪುಸ್ತಕ. "ಮಗ್ಗದ ಹೆಂಗಸರ ಹತ್ರ ಸಿಕ್ಕಿದ್ದು. ಇದನ್ನು ಅವಳು ಬರೆದದ್ದು ಅಂತ ಜೀವಿತದಲ್ಲಿ ಬರೀರಿ. ಅನ್ಯ ಹೆಸರಿನ ಮರೆಯಲ್ಲಿ ಬರೆದು ಸಭೆಗೆ ಮೋಸ ಮಾಡಿದ್ಳು, ಸಾಯುವಾಗ ಪಶ್ಚಾತ್ತಾಪಪಟ್ಟಳು ಅಂತ ಬರೀರಿ. ಅಷ್ಟಾದ್ರೆ ಗಂಟೆ ಹೊಡೀತದೆ. ಇಲ್ಲದಿದ್ರೆ ಗಂಟೆಯಿಲ್ಲ, ಕೀರ್ತನೆಯಿಲ್ಲ. ಗೋಡೆಯ ಬದಿ."

ಗೋಡೆಯ ಬದಿ ಎಂದರೆ ಎಲ್ಲರಿಗೂ ಗೊತ್ತು. ಸ್ಮಶಾನದ ಆ ಮೂಲೆಯಲ್ಲಿ ಶಿಲುಬೆ ನೆಡುವುದಿಲ್ಲ. ಪೆಟ್ಟಿಗೆ ಹೊತ್ತವರು ಓಡುನಡಿಗೆಯಲ್ಲಿ ಹೋಗಿ, ಓಡುನಡಿಗೆಯಲ್ಲಿ ಬರುತ್ತಾರೆ.

ಮೊನ್ನೆ ಅಯ್ಯನವರು ಹಾಸಿಗೆಯ ಬಳಿ ಬಾಗಿ, "ಟೀಚರಮ್ಮ, ತಪ್ಪು ಅರಿಕೆ ಮಾಡುವುದು ಏನಾದರೂ ಉಂಟೋ?" ಎಂದು ಕೇಳಿದಾಗ ಅಕ್ಕ ಕಣ್ಣು ಬಿಟ್ಟು, ಸ್ಪಷ್ಟವಾಗಿ "ಇಲ್ಲ" ಎಂದಿದ್ದಳು. ಅವಳ ಕಡೆಯ ಮಾತು ಅದೇ. ಊರಿನವರ ಜೀವಿತ ಬರೆದವಳ ಜೀವಿತದಲ್ಲಿ, ಅವಳ ಕಡೆಯ ಮಾತನ್ನೇ ಅಳಿಸಿ ಬರೆಯುವುದೇ?

"ಅಕ್ಕ ಬರೆದದ್ದು ಅಂತ ಯಾರು ಹೇಳಿದ್ದು?"

"ಯಾರು ಹೇಳ್ಬೇಕು?" ರುಡೊಲ್ಫ್ ಪುಟ ತಿರುಗಿಸಿದ. ಹುಡುಕಬೇಕಾಗಲಿಲ್ಲ, ಪುಸ್ತಕ ತಾನಾಗಿ ಅಲ್ಲೇ ತೆರೆದುಕೊಂಡಿತು. ಅವನು ಓದಿದ, ಸರ್ಕಾರಿ ನೋಟೀಸು ಓದುವವನ ಹಾಗೆ: "'ಓಣಿಯ ತಿರುವಿನಲ್ಲಿ ಗಂಡನ ಹೆಜ್ಜೆ ಕೇಳಿದೊಡನೆ ಅವಳು ಒಲೆಯಿಂದ ಕೊಳ್ಳಿಗಳನ್ನು ಹಿಂದಕ್ಕೆಳೆಯುವಳು. ಅನ್ನ ಬೇಗ ಬೆಂದರೆ ಅವನು ಉಂಡು ಬೇಗ ಎದ್ದುಹೋಗುವನಲ್ಲ!'"

ಮಟಿಲ್ಡಾ ತಲೆ ತಗ್ಗಿಸಿದಳು. ಕಳೆದ ವರ್ಷ ರುಡೊಲ್ಫನ ಹೆಂಡತಿ ಲಿಡಿಯಾ ಸತ್ತಾಗ ಗೆರ್ಟ್ರೂಡ್ ಬರೆದುಕೊಟ್ಟ ಜೀವಿತದಲ್ಲಿ ಇದೇ ಮಾತಿತ್ತು. ಅದನ್ನು ಓದುವಾಗ ರುಡೊಲ್ಫ್ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಕೂತುಬಿಟ್ಟದ್ದನ್ನು ಇಡೀ ಸಭೆ ನೋಡಿತ್ತು.

"ನಾನು ದಿನಾ ಬೈತಿದ್ದೆ" ಎಂದ ರುಡೊಲ್ಫ್. ದನಿ ಈಗ ನೋಟೀಸಿನದ್ದಾಗಿರಲಿಲ್ಲ. "ಇಷ್ಟು ಹೊತ್ತಾದ್ರೂ ಅನ್ನ ಆಗ್ಲಿಲ್ವಾ, ಇಡೀ ದಿನ ಎಂತ ಮಾಡ್ತಿ ಅಂತ. ಅವಳು ಎಂತದೂ ಹೇಳ್ತಿರಲಿಲ್ಲ. ಸತ್ತ ಮೇಲೆ ನನಗೆ ಗೊತ್ತಾದದ್ದು. ಒಂದು ವರ್ಷ ಆ ಮಾತನ್ನು ಇಟ್ಟುಕೊಂಡು ಬದುಕಿದ್ದೇನೆ. ಈಗ ನೋಡಿದ್ರೆ, ಈ ಪುಸ್ತಕ ಅಚ್ಚಾದದ್ದು ಲಿಡಿಯಾ ಸಾಯುವ ಎರಡು ವರ್ಷ ಮೊದಲು. ಯಾವುದೋ ಕತೆಯ ಹುಡುಗಿಯ ಮಾತು! ಬಾಡಿಗೆ ಸೀರೆ ಉಡಿಸಿದ ಹಾಗೆ ನನ್ನ ಹೆಂಡತಿಗೆ ಉಡಿಸಿ ಮಣ್ಣು ಮಾಡಿದ್ಳು ನಿಮ್ಮ ಅಕ್ಕ. ಲಿಡಿಯಾಗೆ ನನ್ನ ಮೇಲೆ ಎಂತ ಇತ್ತು, ಇರಲಿಲ್ಲ, ಇನ್ನು ನಾನು ಯಾರ ಹತ್ರ ಕೇಳ್ಲಿ?"

*

ಆ ಪುಸ್ತಕ ಬರೆಯುವುದಕ್ಕೂ ಮೊದಲು, ಲಿಡಿಯಾ ರವಿಕೆಯ ಅಳತೆ ಕೊಡಲು ಬಂದಿದ್ದ ಮಧ್ಯಾಹ್ನ ಅದು. ಮಟಿಲ್ಡಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತೋಳು ಅಳೆಯುತ್ತಿದ್ದಳು. ಗೆರ್ಟ್ರೂಡ್ ಕಿಟಕಿಯ ಬಳಿ ಮಕ್ಕಳ ಕಾಪಿಪುಸ್ತಕ ತಿದ್ದುತ್ತಿದ್ದಳು.

"ನಿನ್ನೆಯೂ ಬೈಸಿಕೊಂಡೆ" ಎಂದು ಲಿಡಿಯಾ ಸುಮ್ಮನೆ ನಕ್ಕಳು.

"ಎಂತಕ್ಕೆ? ನಿನ್ನ ಕೈ ಅಷ್ಟು ನಿಧಾನ ಅಲ್ವಲ್ಲ." ಮಟಿಲ್ಡಾ ಬಾಯಿಂದ ಸೂಜಿ ತೆಗೆದು ಕೇಳಿದಳು.

"ಕೊಳ್ಳಿ ಎಳೆದಿಡ್ತೇನೆ ಮಟಿಲ್ಡಾ. ಅವರ ಹೆಜ್ಜೆ ಕೇಳಿದ ಕೂಡ್ಲೆ. ಬಿಸಿಯನ್ನ ಇಟ್ರೆ ಉಂಡು ಸಭೆಯ ಲೆಕ್ಕ ನೋಡ್ಲಿಕ್ಕೆ ಹೋಗ್ತಾರೆ. ಬೆಂದಿಲ್ಲ ಅಂದ್ರೆ ಅಡಿಗೆಕೋಣೆಯ ಹೊಸ್ತಿಲಲ್ಲಿ ಕೂತು ಬೈತಾರೆ. ಬೈಲಿ. ಅಷ್ಟು ಹೊತ್ತಾದ್ರೂ ಹತ್ರ ಇರ್ತಾರಲ್ಲ." ಆಮೇಲೆ ಗಾಬರಿಯಿಂದ, "ದಮ್ಮಯ್ಯ, ಅವರಿಗೆ ಹೇಳ್ಬೇಡಿ. ನಾಚಿಕೆ" ಎಂದಳು.

ಕಿಟಕಿಯ ಬಳಿ ಲೇಖನಿಯ ಸದ್ದು ನಿಂತಿತ್ತು.

*

ಜಗಲಿಯಲ್ಲಿ ನೆಲ್ಲಿಯ ಸೂಜಿ ಬಟ್ಟೆಗೆ ಚುಚ್ಚುವ ಸದ್ದೂ ಈಗ ಕೇಳುತ್ತಿರಲಿಲ್ಲ. ರುಡೊಲ್ಫ್ ಕಾಯುತ್ತಿದ್ದ. ಅವನಿಗೆ ಬೇಕಾದ ಉತ್ತರ ಮಟಿಲ್ಡಾಳ ಗಂಟಲಲ್ಲೇ ಇತ್ತು. ಅದನ್ನು ಹೇಳಿದರೆ ಅವನಿಗೆ ಹೆಂಡತಿ ಮರಳಿ ಸಿಗುತ್ತಾಳೆ; ಪುಸ್ತಕ ಅಕ್ಕನದೇ ಎಂದು ಒಪ್ಪಿದ ಹಾಗಾಗಿ ಅಕ್ಕ ಗೋಡೆಯ ಬದಿಗೆ ಹೋಗುತ್ತಾಳೆ. ಹೇಳದಿದ್ದರೆ ಈ ಮನುಷ್ಯ ಇನ್ನುಳಿದ ದಿನವೆಲ್ಲ ಒಲೆಯ ಮುಂದೆ ಕೂತು ಸಾಯುತ್ತಾನೆ.

"ಅದು ಕತೆಯ ಹುಡುಗಿಯ ಮಾತಲ್ಲ" ಎಂದಳು. "ಲಿಡಿಯಾ ಹೇಳಿದ್ದು. ನನಗೆ."

"ಸುಳ್ಳು."

"ಹೊಸ್ತಿಲಲ್ಲಿ ಕೂತು ಬೈತಿದ್ರಿ. ಒಳಗೆ ಬರ್ತಿರಲಿಲ್ಲ, ಹೊರಗೂ ಹೋಗ್ತಿರಲಿಲ್ಲ. ಹೌದಾ ಅಲ್ವಾ?"

ಅವನ ಕೈ ಪುಸ್ತಕದ ಮೇಲೆ ಹಾಗೇ ನಿಂತಿತು. ಹೊಸ್ತಿಲಿನ ಮಾತು ಪುಸ್ತಕದಲ್ಲಿರಲಿಲ್ಲ. ಜೀವಿತದಲ್ಲೂ ಇರಲಿಲ್ಲ.

"ನಿಮಗೆ ಹೇಳಿದ್ದು ಅವಳ ಪುಸ್ತಕಕ್ಕೆ ಹೇಗೆ ಬಂತು?"

ಮಟಿಲ್ಡಾ ಮೇಜಿನಂಚನ್ನು ಹಿಡಿದುಕೊಂಡಳು.

"ಅವಳ ಪುಸ್ತಕ ಅಲ್ಲ. ನನ್ನದು. ಚಂಪಕಾದೇವಿ ನಾನು."

ರುಡೊಲ್ಫ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು? ಗುಬ್ಬಿ ಹೊಲಿಯುವವರು?"

"ಗುಬ್ಬಿ ಹೊಲಿಯುವಾಗ ಕೈಗೆ ಕೆಲಸ. ತಲೆಗೆ ಎಂತ ಕೆಲಸ?" ತನ್ನ ದನಿ ಎಲ್ಲಿಂದಲೋ ಬರುತ್ತಿರುವಂತೆ ಅವಳಿಗೆ ಕೇಳಿಸಿತು. "ಎಲ್ಲ ಹೆಂಗಸರೂ ಅಳತೆ ಕೊಡ್ಲಿಕ್ಕೆ ನನ್ನ ಹತ್ರ ಬರ್ತಾರೆ ರುಡೊಲ್ಫಣ್ಣ. ತೋಳೆತ್ತಿ ನಿಂತಾಗ ಮಾತಾಡ್ತಾರೆ. ಲಿಡಿಯಾ ಸತ್ತಾಗ ಅಕ್ಕ ಕೇಳಿದ್ಳು, ಅವಳ ವಿಷಯ ನಿನಗೆ ಎಂತ ಗೊತ್ತುಂಟು ಅಂತ. ಇದೊಂದು ಹೇಳಿದೆ. ಅಕ್ಕ ಬರೆದ್ಳು. ಅಕ್ಕನಿಗೆ ಬೇರೆ ಯಾವುದೂ ಗೊತ್ತಿಲ್ಲ."

ಹೊರಗೆ ಯಾರೋ ಕುರ್ಚಿ ಎಳೆದರು. ರುಡೊಲ್ಫ್ ಪುಸ್ತಕ ಮುಚ್ಚಿದ. ಅವನು ನಂಬಿದನೋ, ನಂಬಬೇಕೆಂದು ತೀರ್ಮಾನಿಸಿದನೋ, ಆ ಮುಖದಲ್ಲಿ ಗೊತ್ತಾಗುವಂತಿರಲಿಲ್ಲ.

"ನಾನು ಇದನ್ನು ಸಭೆಗೆ ಹೇಳ್ಬೇಕಾಗ್ತದೆ" ಎಂದ ಕೊನೆಗೆ. "ಇನ್ನು ಕರ್ತನ ಮೇಜಿಗೆ ನೀವು ಬರುವ ಹಾಗಿಲ್ಲ."

"ಗೊತ್ತುಂಟು."

"ನೀವು ಸತ್ತ ದಿನ—"

"ಗಂಟೆಯಿಲ್ಲ. ಗೋಡೆಯ ಬದಿ. ಗೊತ್ತುಂಟು ರುಡೊಲ್ಫಣ್ಣ."

ಅವಳು ಕೂತು ಬರೆದಳು. ದಪ್ಪ ದಪ್ಪ ಅಕ್ಷರ. ಗೆರ್ಟ್ರೂಡ್ ಬೋಳಾರದಲ್ಲಿ ಹುಟ್ಟಿದಳು. ಮಕ್ಕಳಿಗೆ ಓದು ಕಲಿಸಿದಳು. ಮದುವೆಯಾಗಲಿಲ್ಲ. ನಮ್ಮೆಲ್ಲರ ಜೀವಿತವನ್ನು ಬರೆದಳು. ಅರಿಕೆ ಮಾಡುವಂಥದ್ದು ಏನೂ ಇರಲಿಲ್ಲ. ಅಷ್ಟೇ.

ರುಡೊಲ್ಫ್ ಹಾಳೆ ಮಡಚಿ ಕೋಟಿನ ಕಿಸೆಗಿಟ್ಟ. ಬಾಗಿಲವರೆಗೆ ಹೋದವನು ತಿರುಗದೆಯೇ ನಿಂತ.

"ಅವಳು ಬೇರೆ ಎಂತಾದ್ರೂ ಹೇಳಿದ್ಳಾ? ಲಿಡಿಯಾ?"

"ನೀವು ಕೆಮ್ಮಿದ್ರೆ ಓಣಿಯ ಆ ಕೊನೆಯಿಂದಲೇ ಗೊತ್ತಾಗ್ತದೆ, ಊರಿನಲ್ಲಿ ಹಾಗೆ ಬೇರೆ ಯಾರೂ ಕೆಮ್ಮುದಿಲ್ಲ ಅಂತ ಹೇಳಿದ್ಳು" ಎಂದಳು ಮಟಿಲ್ಡಾ. ಅದು ಲಿಡಿಯಾ ಹೇಳಿದ್ದೋ, ಈ ಕ್ಷಣ ತಾನು ಕಟ್ಟಿದ್ದೋ ಅವಳಿಗೇ ತಿಳಿಯಲಿಲ್ಲ.

ನಾಲ್ಕಕ್ಕೆ ಪೆಟ್ಟಿಗೆ ಹೊಸ್ತಿಲು ದಾಟುವಾಗ ಗಂಟೆ ಹೊಡೆಯಿತು. ಸ್ಮಶಾನದ ನಡುವಿನ ಸಾಲಿನಲ್ಲಿ, ತಾಯಿಯ ಪಕ್ಕ, ಗೆರ್ಟ್ರೂಡ್ ಮಣ್ಣಿಗಿಳಿದಳು. ಅಯ್ಯನವರು ಹಾಳೆ ಓದಿ ಮುಗಿಸಿದ್ದು ಎಷ್ಟು ಬೇಗವೆಂದರೆ, ಅಳಲು ತಯಾರಾಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಟೀಚರಮ್ಮ ಬರೆದಿದ್ರೆ ಹೀಗಿರ್ತಿರಲಿಲ್ಲ" ಎಂದು ಯಾರೋ ಪಿಸುಗುಟ್ಟಿದರು. ಕಾಂಪೌಂಡಿನ ಹೊರಗೆ ಹಸನಬ್ಬ ಗಂಟನ್ನು ನೆಲಕ್ಕಿಳಿಸಿ ನಿಂತಿದ್ದ.

ಕೀರ್ತನೆ ಮುಗಿಯುವ ಹೊತ್ತಿಗೆ ಸುದ್ದಿ ಸಭೆಯೆಲ್ಲ ಹರಡಿತ್ತು. ಗುಡ್ಡ ಇಳಿಯುವಾಗ ಹೆಂಗಸರು ಮಟಿಲ್ಡಾಳ ಸುತ್ತ ಇರಲಿಲ್ಲ. ಇಪ್ಪತ್ತು ಮಾರು ಹಿಂದೆ, ತಮ್ಮತಮ್ಮಲ್ಲೇ ಗುಸುಗುಸು ಮಾಡುತ್ತ, ಅವಳು ನಿಂತರೆ ತಾವೂ ನಿಲ್ಲುತ್ತ ಬರುತ್ತಿದ್ದರು. ನಾಳೆಯಿಂದ ಅಳತೆ ಕೊಡಲು ಯಾರೂ ಬರಲಿಕ್ಕಿಲ್ಲ ಎಂದು ಅವಳಿಗನಿಸಿತು. ಅದಕ್ಕಿಂತ ಹೆಚ್ಚಾಗಿ, ಅಕ್ಕ ಬರೆದದ್ದನ್ನೆಲ್ಲ ತಾನು ಅಕ್ಕನಿಂದ ಕಿತ್ತುಕೊಂಡೆ ಎಂದೂ ಅನಿಸಿತು.

ಹಿಂದಿನಿಂದ ಬಿರುಬಿರನೆ ಹೆಜ್ಜೆ ಬಂತು. ನೆಲ್ಲಿ. ಏದುಸಿರು ಬಿಡುತ್ತಿದ್ದಳು.

"ಬಾಯಿ, ನಾನು ಜಗಲಿಯಲ್ಲಿ ಎಲ್ಲ ಕೇಳಿದೆ. ಬೈಬೇಡಿ."

"ಬೈಲಿಕ್ಕೆ ಎಂತ ಉಂಟು?"

"ಆ ಪುಸ್ತಕ ನನ್ನದೇ. ಮೇಸ್ತ್ರಿ ಕಸಿದುಕೊಂಡದ್ದು ನನ್ನ ಮಗ್ಗದಿಂದ." ಅವಳು ಒಮ್ಮೆ ಹಿಂದೆ ನೋಡಿ, ತೀರಾ ಹತ್ತಿರ ಬಂದಳು. "ಹೊಸ ಕತೆ ಉಂಟಲ್ಲ ಬಾಯಿ, ಸುಗಂಧಿಯದ್ದು? ಮೂರನೇ ಭಾಗದಲ್ಲಿ ಅವಳು ದೋಣಿ ಕಟ್ಟುವ ಕಡವಿಗೆ ಬಂದು ನಿಂತದ್ದು. ಆಚೆ ದಡದಲ್ಲಿ ಅವನು. ಅಂಬಿಗ ಹಗ್ಗ ಬಿಚ್ಚಿಯಾಯ್ತು. ಅಲ್ಲಿಗೆ ನಿಲ್ಲಿಸಿದ್ರಿ. ನಾಲ್ಕನೇ ಭಾಗ ಬರಲೇ ಇಲ್ಲ. ನಮಗೆ ಮಗ್ಗದಲ್ಲಿ ಎಲ್ಲರಿಗೂ ನಿದ್ದೆಯಿಲ್ಲ. ಅವಳು ದೋಣಿ ಹತ್ತಿದ್ಳಾ?"

ಮಟಿಲ್ಡಾ ನಿಂತಳು. ಅಕ್ಕನಿಗೆ ಜ್ವರ ಬರುವ ಮೊದಲು ಅವಳೂ ಇದನ್ನೇ ಕೇಳಿದ್ದಳು. "ಬರೆಯುವಾಗ ನೋಡುವ" ಎಂದಿದ್ದಳು ಅಕ್ಕ. ಅಷ್ಟರಲ್ಲಿ ಜ್ವರ ಬಂದಿತ್ತು.

ಕೆಳಗೆ ನೇತ್ರಾವತಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಹಂಚು ತುಂಬಿದ ಮಂಜಿ ದೋಣಿಯೊಂದು ಅಳಿವೆಯ ಕಡೆಗೆ ಸರಿಯುತ್ತಿತ್ತು.

"ಹತ್ತಿದಳು" ಎಂದಳು ಮಟಿಲ್ಡಾ.

"ಅಯ್ಯೋ ದೇವರೇ!" ನೆಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮತ್ತೆ?"

"ಒಂದು ಕಾಲು ಇಟ್ಟಳು. ಇನ್ನೊಂದು ಕಾಲು ನೀರಿನಲ್ಲೇ ಇತ್ತು. ಆಗ ಅಂಬಿಗ ಹೇಳಿದ…"

ನೆಲ್ಲಿ ತನ್ನ ಕೊಡೆಯನ್ನು ಬಿಡಿಸಿ ಇಬ್ಬರ ತಲೆಯ ಮೇಲೂ ಹಿಡಿದಳು. ಹಿಂದೆ ಬರುತ್ತಿದ್ದ ಹೆಂಗಸರ ಗುಸುಗುಸು ನಿಂತುಹೋಗಿತ್ತು. ಒಬ್ಬಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಜಲ್ಲಿಯ ಮೇಲೆ ಸದ್ದಾಗದಂತೆ, ಕೊಡೆಯ ಕಡೆಗೆ ದೊಡ್ಡ ದೊಡ್ಡ ಹೆಜ್ಜೆ ಹಾಕತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು.