ಅಮ್ಮನ ಚೆಸ್ಸಿಗೆ ವೇಗ ಕೂಡಿಸಿದ್ದು

ನಮ್ಮಮ್ಮ ಪ್ರತಿ ಭಾನುವಾರ ಸಂಜೆ ಕಂಪ್ಯೂಟರಿನಲ್ಲಿ ದೊಡ್ಡಮ್ಮನ ಜೊತೆ ಚೆಸ್ ಆಡಿ ಸೋಲುತ್ತಾಳೆ. ಸೋತವರು ಫೋನ್ ಮಾಡಿ "ನೀನೇ ಜಾಣೆ" ಅಂತ ಒಪ್ಪಿಕೊಳ್ಳಬೇಕು, ಅದು ಅಕ್ಕತಂಗಿಯರ ಕರಾರು. ಈವರೆಗೆ ದೊಡ್ಡಮ್ಮ ಒಮ್ಮೆಯೂ ಫೋನ್ ಮಾಡಿದವಳಲ್ಲ. ಅಮ್ಮ ಹೇಳುವುದು ಒಂದೇ: ತಾನು ಸೋಲುತ್ತಿಲ್ಲ, ಕಂಪ್ಯೂಟರ್ ಸೋಲಿಸುತ್ತಿದೆ, ಕುದುರೆ ನಡೆಸಿದರೆ ಅದು ಕಾಲೆತ್ತುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ದೊಡ್ಡಮ್ಮ ಚುಚ್ಚಿದ ಮೇಲಂತೂ ಅಮ್ಮನಿಗೆ ಊಟವೇ ಸೇರಲಿಲ್ಲ. ನನಗೂ ಮೈ ಉರಿಯಿತು.

ಅದಕ್ಕೇ ಅಣ್ಣ ಮುಂದಿನ ಭಾನುವಾರ ಬೆಳಿಗ್ಗೆಯೇ ಓವರ್‌ಕ್ಲಾಕ್ ಮಾಡಲು ಕೂತ. ಅಂದರೆ ಕಂಪನಿಯವರು ಇಟ್ಟ ವೇಗಕ್ಕಿಂತ ಒಂದಿಷ್ಟು ಹೆಚ್ಚು ಓಡಿಸುವುದು. ಅಣ್ಣ ಹುಷಾರಿನ ಮನುಷ್ಯ. ಖಾಲಿ ರಸ್ತೆಯಲ್ಲೂ ಎರಡೂ ಕಡೆ ನೋಡಿ, ನಾಳೆ ದಾಟೋಣ ಅನ್ನುವವನು. ಮೊದಲು ಫ್ಯಾನಿನ ಧೂಳು ಕೊಡವಿದ. ಪ್ರೊಸೆಸರಿನ ವೇಗ ಒಂದು ಮೆಟ್ಟಿಲು ಏರಿಸು, ಜೋರಾಗಿ ದುಡಿಸಿ ನೋಡು, ಬಿಸಿ ಮಿತಿಯಲ್ಲಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಅದು ಮುಗಿಯುವವರೆಗೆ ಮೆಮೊರಿ ಮುಟ್ಟಬೇಡ. ವೋಲ್ಟೇಜಿನ ತಂಟೆಗಂತೂ ಹೋಗಲೇಬೇಡ ಎಂದು ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದ.

ಆದರೆ ನಮ್ಮ ಮನೆಯ ಚಾಳಿಯೇ ಬೇರೆ. ಒಲೆಯ ಮೇಲೆ ಏನೇ ಕುದಿಯುತ್ತಿರಲಿ, ಆ ಕಡೆ ಹೋದವರೆಲ್ಲ ಯಾರೂ ಹಾಕಿರಲಿಕ್ಕಿಲ್ಲ ಎಂದುಕೊಂಡು ಒಂದು ಚಿಟಿಕೆ ಉಪ್ಪು ಹಾಕಿ ಬರುತ್ತೇವೆ. ಅಣ್ಣ ಒಂದು ಮೆಟ್ಟಿಲು ಏರಿಸಿ, ಸೆಟ್ಟಿಂಗ್ ತೆರೆದಿಟ್ಟೇ ಸ್ನಾನಕ್ಕೆ ಹೋದ. ಅಪ್ಪ ಬಂದು, ಇವನದು ಆಮೆ ಲೆಕ್ಕ ಎಂದು ಒಂದಷ್ಟು ಏರಿಸಿದರು. ಆಮೇಲೆ ಅಮ್ಮ ಬಂದು ಏರಿಸಿದಳು. ನಾನು ಮೆಮೊರಿಗೂ ಕೈ ಹಾಕಿದೆ. ಎಲ್ಲ ಪ್ರೊಸೆಸರಿಗೇ ಕೊಟ್ಟರೆ ಪಾಪ, ಅದಕ್ಕೆ ಬೇಜಾರಾಗಬಾರದಲ್ಲ.

ಸ್ನಾನ ಮುಗಿಸಿ ಬಂದ ಅಣ್ಣ, ತಾನು ಬಿಟ್ಟುಹೋದದ್ದೇ ಇದೆ ಎಂದು ನಂಬಿ ಸೇವ್ ಒತ್ತಿದ. ಪರದೆ ಕಪ್ಪಾಯಿತು. ಫ್ಯಾನ್ ಮಾತ್ರ ಭೋರೆಂದು ತಿರುಗುತ್ತಿತ್ತು. ಅಣ್ಣ ನಮ್ಮ ಮೂವರ ಮುಖ ನೋಡಿದ, ನಾವು ಮೂವರೂ ಗೋಡೆ ನೋಡಿದೆವು.

"ಸ್ವಲ್ಪ ಅಷ್ಟೇ ಕಣೋ," ಅಂದರು ಅಪ್ಪ. ಅಮ್ಮನೂ ನಾನೂ ಅದನ್ನೇ ಹೇಳಿದೆವು.

ಅಮ್ಮನ ಕಣ್ಣಲ್ಲಿ ನೀರು ಬಂತು. ಆಡದಿದ್ದರೂ ಸೋತಂತೆಯೇ, ಫೋನ್ ಮಾಡಲೇಬೇಕು. ನನಗೆ ನನ್ನ ಬೆರಳಿನ ಮೇಲೇ ಸಿಟ್ಟು ಬಂತು.

ಅಣ್ಣ ಬೈಯಲಿಲ್ಲ. ವೈರು ಕಿತ್ತು, ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಬಿಲ್ಲೆಯಂಥ ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂರಿಸಿದ. ನಾವು ಏರಿಸಿದ್ದನ್ನೆಲ್ಲ ಮರೆತು ಪರದೆ ಬೆಳಗಿತು. ನಮ್ಮನ್ನು ಸೋಫಾದಲ್ಲಿ ಕೈಕಟ್ಟಿ ಕೂರಿಸಿ ಅವನು ಮೊದಲಿಂದ ಶುರುಮಾಡಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಪ್ರೊಸೆಸರ್, ಮೆಮೊರಿ ಎರಡೂ ಹೊಸ ವೇಗಕ್ಕೆ ಒಗ್ಗಿಕೊಂಡಿದ್ದವು, ಬಿಸಿಯೂ ಮಿತಿ ಮೀರಲಿಲ್ಲ.

ಸಂಜೆ ಅಮ್ಮ ಆಡಲು ಕೂತಳು. ಕುದುರೆ ಹೇಳಿದ ಕ್ಷಣಕ್ಕೆ ನೆಗೆಯಿತು, ಆನೆ ಓಡಿತು, ಎಲ್ಲೂ ತಡೆಯಿಲ್ಲ. ಅಣ್ಣ ಹಿಗ್ಗಿಹೋದ. ಅಷ್ಟರಲ್ಲಿ ದೊಡ್ಡಮ್ಮನ ಮಂತ್ರಿ ಬಂದು ಅಮ್ಮನ ರಾಜನನ್ನು ಮೂಲೆಗೆ ಒತ್ತಿ ಆಟ ಮುಗಿಸಿತು. ಗಡಿಯಾರದಲ್ಲಿ ಇನ್ನೂ ಬೇಕಾದಷ್ಟು ಸಮಯ ಉಳಿದಿತ್ತು.

ಅಮ್ಮ ಫೋನ್ ಎತ್ತಿಕೊಂಡಳು.

"ಅಕ್ಕಾ, ನೀನೇ ಜಾಣೆ," ಅಂದಳು. ಆಮೇಲೆ ಅಣ್ಣನನ್ನೊಮ್ಮೆ ದುರುಗುಟ್ಟಿ ನೋಡಿ ದನಿ ಏರಿಸಿದಳು. "ಆದ್ರೆ ಇವನು ಈ ಕಂಪ್ಯೂಟರ್‌ನ ಎಷ್ಟು ಫಾಸ್ಟ್ ಮಾಡಿಟ್ಟಿದಾನೆ ಅಂದ್ರೆ, ನಂಗೆ ಯೋಚನೆ ಮಾಡೋಕೇ ಬಿಡಲ್ಲ ಕಣೇ."