ಎಲ್ಲ ಚಂದ್ರರ ಮೇಲೂ ಅದೇ ಚುಕ್ಕೆಗಳು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹದ್ದು ಎಂದೇ. ಸುಮ್ಮನೆ ಬಂದ ಹೆಸರಲ್ಲ. ಶನಿಯನ್ನು ಸುತ್ತುತ್ತಿರುವ ನೌಕೆ ಕಳಿಸಿದ ಒಂದೊಂದು ಚಿತ್ರವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕ್ಯಾಮೆರಾದ ಧೂಳು ಯಾವುದು, ನೆಲದ ಮೇಲಿನ ನಿಜವಾದ ಕುಳಿ ಯಾವುದು ಎಂದು ಬೇರ್ಪಡಿಸುವುದು ಅವಳ ಕೆಲಸ. ಧೂಳಾದರೆ ಒರೆಸುತ್ತಾಳೆ, ಕುಳಿಯಾದರೆ ಉಳಿಸುತ್ತಾಳೆ. ಶನಿಯ ಸಹವಾಸ ಬಿಟ್ಟು ಬೇರೆ ಗ್ರಹ ಸಿಗಲಿಲ್ಲವೇನೇ ನಿನಗೆ ಎಂದು ಅಕ್ಕ ರೇಗಿಸುವುದು ಇದ್ದದ್ದೇ.

ಆವತ್ತು ಬೆಳಿಗ್ಗೆ ಶನಿಯ ಒಂದು ಚಂದ್ರನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಕಂಡವು. ಮುಂದಿನ ಚಿತ್ರ ತೆಗೆದಳು, ಅದು ಬೇರೆ ಚಂದ್ರ. ಅಲ್ಲೂ ಅವೇ. ಹಾಗಾದರೆ ಕ್ಯಾಮೆರಾದ ಧೂಳೇ ಸರಿ ಎಂದು ಒರೆಸತೊಡಗಿದಳು. ಎಷ್ಟು ಒರೆಸಿದರೂ ಹೋಗಲೊಲ್ಲವು.

"ಇಲ್ಲಿ ನೋಡೇ, ಎಷ್ಟು ಕೊಳೆ ಕೂತಿದೆ!" ಎಂದು ಪಕ್ಕದ ಮೇಜಿನ ಗೆಳತಿಯನ್ನು ಕರೆದಳು.

ಗೆಳತಿ ಬಗ್ಗಿ ನೋಡಿದಳು. "ಎಲ್ಲೇ? ಕನ್ನಡಿ ಥರ ಇದೆಯಲ್ಲ. ಹದ್ದಿಗೂ ವಯಸ್ಸಾಯ್ತು ಅನ್ನು!"

ಇವಳು ನಗುತ್ತಲೇ ಗೋಡೆಯ ಕಡೆ ತಿರುಗಿದಳು. ಬರೀ ಸುಣ್ಣದ ಗೋಡೆ. ಚುಕ್ಕೆಗಳು ಅಲ್ಲೂ ತೇಲುತ್ತಿದ್ದವು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಒಂದೂ ಇಲ್ಲ.

ಅಮ್ಮನಿಗೂ ಹೀಗೆಯೇ ಶುರುವಾಗಿತ್ತು. ಇಲ್ಲದ ಸೊಳ್ಳೆ ಓಡಿಸುತ್ತಾ ಮುಖದ ಮುಂದೆ ಕೈ ಬೀಸುತ್ತಾ ಕೂತಿರುತ್ತಿದ್ದಳು ಪಾಪ. ಬಲಗಣ್ಣು ಮೊದಲು ಹೋಯಿತು, ವರ್ಷ ತುಂಬುವಷ್ಟರಲ್ಲಿ ಎಡಗಣ್ಣೂ ಹೋಯಿತು. ಚುಕ್ಕೆ ಕಂಡ ದಿನವೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದು ಇವಳ ಎದುರಿಗೇ.

ಇಷ್ಟೆಲ್ಲ ಗೊತ್ತಿದ್ದವಳು ಆ ಕ್ಷಣವೇ ಎದ್ದು ಓಡಬೇಕಿತ್ತು ತಾನೇ? ಓಡಲಿಲ್ಲ ಮಹಾರಾಯ್ತಿ! ಬಾಯಿಗೆ ಬೀಗ ಹಾಕಿಕೊಂಡು, ಬಲಗಣ್ಣು ಮುಚ್ಚಿಕೊಂಡು ಕೆಲಸ ಮುಂದುವರಿಸಿದಳು. ಕಣ್ಣು ಕೆಟ್ಟಿದೆ ಎಂದು ಗೊತ್ತಾದರೆ ಯಾರು ತನ್ನ ಕೈಗೆ ಚಿತ್ರ ಕೊಟ್ಟಾರು ಎಂಬ ಭಯ. ಆಸ್ಪತ್ರೆಗೆ ಹೋದರೆ ಏನು ಹೇಳಿಬಿಡುತ್ತಾರೋ ಎಂಬ ಭಯ ಅದಕ್ಕಿಂತ ದೊಡ್ಡದು. ನಾಳೆ ಹೋದರಾಯಿತು ಎಂದುಕೊಂಡಳು. ಆ ನಾಳೆ ವಾರವಾಯಿತು. ಒಂದು ಮಧ್ಯಾಹ್ನ ಪರೀಕ್ಷೆಗೆಂದು ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದರೆ, ಚಂದ್ರನ ಅರ್ಧ ಭಾಗವೇ ಇಲ್ಲ. ಅಂಚಿನಿಂದ ಕಪ್ಪು ಪರದೆ ಇಳಿದುಬಿಟ್ಟಿತ್ತು. "ಅಕ್ಕನಿಗೆ ಫೋನ್ ಮಾಡೇ!" ಎಂದು ಕೂಗಿದ ಕೂಗಿಗೆ ಇಡೀ ಆಫೀಸೇ ಎದ್ದು ನಿಂತಿತು.

"ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ? ಅಮ್ಮನ್ನ ನೋಡಿಯೂ ಬುದ್ಧಿ ಬರಲಿಲ್ವಾ?" ಆಸ್ಪತ್ರೆಯವರೆಗೂ ಅಕ್ಕ ಬೈದದ್ದೇ ಬೈದದ್ದು, ಅತ್ತದ್ದೇ ಅತ್ತದ್ದು.

ಡಾಕ್ಟರಮ್ಮ ಕಣ್ಣಿಗೆ ಔಷಧಿ ಹಾಕಿ, ಯಂತ್ರದ ಮುಂದೆ ಗಲ್ಲ ಇಡಿಸಿ, ಬಲಗಣ್ಣಿನ ಒಳಗಿನ ಚಿತ್ರ ತೆಗೆದರು. ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಗೋಳವೊಂದು ಮೂಡಿತು, ಅದರ ತುಂಬ ನದಿಗಳ ಹಾಗೆ ರಕ್ತನಾಳಗಳು. ಯಾವ ಗ್ರಹವೂ ಇಷ್ಟು ಚೆಲುವಾಗಿರಲಿಲ್ಲ. ಅಭ್ಯಾಸಬಲ ನೋಡಿ, ಹೆದರಿಕೆ ಮರೆತು ಮುಂದಕ್ಕೆ ಬಗ್ಗಿದಳು. ನೇರ ಹರಿಯುತ್ತಿದ್ದ ನದಿಗಳು ಒಂದು ಕಡೆ ಥಟ್ಟನೆ ಸೊಟ್ಟಗಾಗಿ, ಬೂದು ಬಣ್ಣದ ಮಡಿಕೆಗಳ ಮೇಲೆ ಹತ್ತಿದ್ದವು. ನೆಲವೇ ಕಿತ್ತು ಮೇಲೆದ್ದರೆ ಮಾತ್ರ ಹೀಗಾಗುವುದು.

"ಕಣ್ಣಿನ ಒಳಗಿನ ಪರದೆ, ರೆಟಿನಾ, ಕಳಚಿದೆ," ಎಂದರು ಡಾಕ್ಟರಮ್ಮ. "ಇವತ್ತೇ ಆಪರೇಷನ್ ಆಗ್ಬೇಕು. ಎಷ್ಟು ಉಳಿಯುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ. ಇನ್ನೊಂದನ್ನೂ ನೋಡಿಬಿಡೋಣ."

ಎಡಗಣ್ಣಿನ ಮುಂದೆ ಬೆಳಕು ಫಳ್ಳೆಂದಿತು. ಚಿತ್ರ ಬಂತೆಂದು ಅಕ್ಕ ಭುಜ ಮುಟ್ಟಿದಳು. ಇವಳು ತಲೆ ಎತ್ತಲಿಲ್ಲ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ನಂಗೆ ಭಯ ಆಗ್ತಿದೆ ಅಕ್ಕಾ, ನೀನೇ ನೋಡಿ ಹೇಳು," ಎಂದಳು.

"ಚೆನ್ನಾಗಿದೆ ಕಣೇ," ಎಂದಳು ಅಕ್ಕ. "ದುಂಡಗೆ, ಕೆಂಪಗೆ, ಎಷ್ಟು ಚೆನ್ನಾಗಿದೆ."

ಡಾಕ್ಟರಮ್ಮ ಹಾಗೆನ್ನಲೆಂದು ಅವಳು ಕಾದಳು. ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ ಸದ್ದಷ್ಟೇ ಕೇಳಿಸಿತು.