ನಡುವಿನ ಆಂಪ್ಲಿಫೈಯರ್

"ಮುಂಜಾನಿ ಹಾಡು ಹಚ್ಚಲಿಲ್ಲಲ್ಲ ಗಂಗಾ," ಎಂದರು ಅತ್ತೆ ಜಂಬಮ್ಮ, ಚಹಾದ ಲೋಟ ಹಿಡಿದುಕೊಂಡೇ. ಮಗನ ಮಣ್ಣಿನ ಕಾರ್ಯಗಳೆಲ್ಲ ಮುಗಿದು ನೆಂಟರು ಹಿಂದಿನ ಸಂಜೆ ಊರು ಸೇರಿದ್ದರು.

ಗಂಗಾಂಬಿಕಾ ಸ್ಪೀಕರ್ ಪೆಟ್ಟಿಗೆಗಳ ಮೇಲಿನ ಕೆಂಪು ಧೂಳು ಒರೆಸಿದಳು. ಅದಿರು ಲಾರಿಗಳ ಭರಾಟೆ ಶುರುವಾದ ಮೇಲೆ ಚಿತ್ತವಾಡ್ಗಿಯಲ್ಲಿ ಬಿಳಿ ಬಟ್ಟೆ ಬಿಳಿಯಾಗಿ ಉಳಿದಿರಲಿಲ್ಲ. ಅಂಥದೇ ಒಂದು ಲಾರಿ ಸಂಡೂರು ರಸ್ತೆಯಲ್ಲಿ ಅವಳ ಗಂಡ ಸಿದ್ದಲಿಂಗೇಶನ ಬೈಕಿಗೆ ಗುದ್ದಿತ್ತು.

ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವನು ರಜೆಗಳನ್ನೆಲ್ಲ ಈ ಪೆಟ್ಟಿಗೆಗಳಿಗೇ ಸುರಿದಿದ್ದ. ಒಂದೇ ಆಂಪ್ಲಿಫೈಯರ್ ಎಲ್ಲವನ್ನೂ ಹೊರುತ್ತಿದ್ದ ಸೆಟ್ಟನ್ನು ಬಿಚ್ಚಿ ಮೂರು ಆಂಪ್ಲಿಫೈಯರ್ ಜೋಡಿಸಿದ್ದ. ತಾನೇ ಮಾಡಿದ ಕ್ರಾಸ್‌ಓವರ್ ಡಬ್ಬಿ ಹಾಡನ್ನು ಮೂರು ಪಾಲು ಮಾಡಿ ಅವುಗಳಿಗೆ ಹಂಚುತ್ತಿತ್ತು. "ಕೆಳಗಿಂದು ತಬಲಾಕ್ಕ, ಮ್ಯಾಲಿಂದು ತಾಳಕ್ಕ, ನಡುವಿಂದು ಹಾಡೋರಿಗೆ. ಅಣ್ತಮ್ಮರು ಬ್ಯಾರಿ ಒಲಿ ಹೂಡಿದಂಗ ನೋಡು, ಈಗ ಜಗಳಿಲ್ಲ," ಎಂದು ನಗುತ್ತಿದ್ದ.

ಮೊದಲು ಡಬ್ಬಿ, ಆಮೇಲೆ ಆಂಪ್ಲಿಫೈಯರ್‌ಗಳು. ಅವನು ಕಲಿಸಿದ ಕ್ರಮದಲ್ಲೇ ಸ್ವಿಚ್ ಒತ್ತಿದಳು. ಹಾಡು ಎದ್ದಿತು, ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಿತು. ಅದನ್ನು ಕೇಳಿಸಲೆಂದೇ ಮೊದಲ ಸಲ ಅವಳನ್ನು ಅಡುಗೆಮನೆಯಿಂದ ಎಳೆದು ತಂದು ಪೆಟ್ಟಿಗೆಗಳ ನಡುವೆ ಕೂರಿಸಿದ್ದ. ಒಲೆಯ ಮೇಲಿದ್ದ ಹಾಲೆಲ್ಲ ಉಕ್ಕಿಹೋಗಿತ್ತು.

"ನಡುವಿಂದು ಪಕ್ಕೀರಪ್ಪಣ್ಣಂದು, ಅತ್ತಿ. ಮೈಕ್‌ಸೆಟ್ ಅಂಗಡಿಯಂವಂದು, ಇವ್ರು ಕೇಳಿ ತಂದಿದ್ರು. ಮೆಟ್ರಿ ಊರಿನ ಮದುವಿಗೆ ಅಂವ ಕಂಪ್ಲಿಯಿಂದ ಬಾಡಿಗಿ ತರ್ತಾನಂತ."

"ಕೇಳಿದ್ನೇನು?"

"ಸಾವಿನ ಮನಿಯಾಗ ಹೆಂಗ ಕೇಳ್ತಾರ್ರಿ?"

ಕಾರ್ಯದ ದಿನ ಪಕ್ಕೀರಪ್ಪ ಉಂಡು, ಪೆಟ್ಟಿಗೆಗಳಿದ್ದ ಮೂಲೆಯತ್ತ ಬೆನ್ನು ಮಾಡಿಯೇ ಕೂತು ಹೋಗಿದ್ದ. ಸಾವಿನ ಮನೆಗೆ ಕೊಟ್ಟದ್ದನ್ನು ಬಾಯಿಬಿಟ್ಟು ಕೇಳಬಾರದು. ಅವಳು ಕೊಡದಿದ್ದರೆ ಅದು ಇಲ್ಲಿಯೇ ಉಳಿಯುತ್ತಿತ್ತು. ಹಾಡೂ ಉಳಿಯುತ್ತಿತ್ತು.

ಒಂದು ಹಾಡು ಮುಗಿಯುವವರೆಗೆ ಕಾದಳು. ಇನ್ನೊಂದು ಶುರುವಾಯಿತು. ನಡುವಿನದರ ಸ್ವಿಚ್ ಆರಿಸಿದಳು. ಕೆಳಗೆ ತಬಲಾ ಗುದ್ದಿತು, ಮೇಲೆ ತಾಳ ಕಿಣಿಗುಟ್ಟಿತು.

"ಹಾಡಾಕಿ ಎಲ್ಲಿ ಹೋದ್ಲವಾ?" ಎಂದರು ಜಂಬಮ್ಮ.

ಗಂಗಾಂಬಿಕಾ ಉಳಿದವನ್ನೂ ಆರಿಸಿ, ವೈರು ಬಿಚ್ಚಿ, ಆಂಪ್ಲಿಫೈಯರನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿದಳು.

ಅಂಗಡಿಯ ಮುಂದೆ ಆಟೋದಿಂದ ಇಳಿದ ಅವಳನ್ನು ಕಂಡು ಪಕ್ಕೀರಪ್ಪ ಎದ್ದು ನಿಂತ. "ಇದನ್ಯಾಕ ತಂದಿ ತಂಗಿ? ನಾ ಕೇಳಿದ್ನೇನು?"

"ನೀವು ಕೇಳಂಗಿಲ್ಲಂತನ ತಂದೆ ಅಣ್ಣಾ."

ಅವನು ಅದನ್ನು ಗೋಡೆಯ ಮೇಲಿನ ಹಾರ್ನಿಗೆ ಸಿಕ್ಕಿಸಿ ಸ್ವಿಚ್ ಒತ್ತಿದ. ಕೆಂಪು ದೀಪ ಹತ್ತಿತು. ಕಿವಿಯನ್ನು ಹಾರ್ನಿನ ಬಾಯಿಗೆ ಹಿಡಿದ.

"ನಾ ಕೊಟ್ಟಾಗ ಗುಂಯ್ ಅಂತ ಭಾಳ ಒದರ್ತಿತ್ತಿದು. ಎಷ್ಟು ಮಂದಿಗೆ ತೋರಿಸಿದ್ರೂ ಹೋಗಿರ್ಲಿಲ್ಲ. ಏನ್ ಮಾಡ್ದ ಸಿದ್ದು?"

"ನಂಗೊತ್ತಿಲ್ರಿ."

ಪಕ್ಕೀರಪ್ಪ ಗುಂಡಿಯನ್ನು ಪೂರ್ತಿ ತಿರುಗಿಸಿದ. ಹೊರಗೆ ಅದಿರು ಲಾರಿಯೊಂದು ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ತಾಳು ಎಂಬಂತೆ ಅವನು ಕೈ ಎತ್ತಿದ. ಅಡಗಿದ ಮೇಲೂ ಕೈ ಇಳಿಸಲಿಲ್ಲ. ಹಾರ್ನಿನಿಂದ ಏನೂ ಬರುತ್ತಿರಲಿಲ್ಲ, ಆ ಗುಂಯ್ ಕೂಡ. ಇಬ್ಬರೂ ಅದನ್ನೇ ಕೇಳುತ್ತ ನಿಂತರು.